ಅಶೋಕನ ಬಂಡೆ ಮೇಲೊಂದು ಓತಿಕ್ಯಾತ

ಇವತ್ತಿನ ಎಪಿಸೋಡ್‌ನಲ್ಲಿ ಎರಡು ಕಲ್ಲುಗಳ ಕತೆ ಇದೆ. ಒಂದು ಕಲ್ಲು 2,200 ವರ್ಷಕ್ಕೂ ಮೇಲಿಂದ ಅಕ್ಷರ ಹೊತ್ಕೊಂಡು ಕೂತಿದೆ. ಇನ್ನೊಂದು, ನನ್ನ ಕೈಯಿಂದ ಹೊರಟು ಎರಡೇ ಸೆಕೆಂಡಲ್ಲಿ ಗುರಿ ಮುಟ್ಟಿದ್ದು. ಎರಡೂ ಸಿದ್ದಾಪುರದವೇ.

ಯಾವ ಸಿದ್ದಾಪುರ ಅಂತ ಮೊದಲೇ ಹೇಳಿಬಿಡ್ತೀನಿ. ಉತ್ತರ ಕನ್ನಡದ್ದಲ್ಲ, ಕೊಡಗಿನದ್ದೂ ಅಲ್ಲ. ಚಿತ್ರದುರ್ಗ ಜಿಲ್ಲೆ, ಮೊಳಕಾಲ್ಮೂರು ತಾಲ್ಲೂಕಿನ ಸಿದ್ದಾಪುರ. ಅಶೋಕ ಸಿದ್ದಾಪುರ ಅಂತಾನೂ ಕರೀತಾರೆ. ಮಳೆ ಕಡಿಮೆ, ಬಂಡೆ ಜಾಸ್ತಿ. ಶೇಂಗಾ ಹೊಲ, ಜಾಲಿ ಮರ, ಕಳ್ಳಿ ಬೇಲಿ. ನನ್ನ ಅಜ್ಜಿ ಮನೆ ಅಲ್ಲಿ. ಪ್ರತಿ ಬೇಸಿಗೆ ರಜೆಗೆ ನಾವು ಮೊಮ್ಮಕ್ಕಳೆಲ್ಲ ಅಲ್ಲೇ ಇರ್ತಿದ್ವಿ.

ಆಗ ನನಗೆ ಹತ್ತು ವರ್ಷ. ಹಿತ್ತಲ ಬೇಲಿಗೂಟದ ಮೇಲೆ ಒಂದು ಓತಿಕ್ಯಾತ ಕೂತಿತ್ತು. ತಲೆಯಿಂದ ಭುಜದವರೆಗೂ ಕೆಂಪು, ಕುಂಕುಮ ಚೆಲ್ಲಿದ ಹಾಗೆ. ಗಂಟಲ ಹತ್ರ ಕಪ್ಪು. ನಮ್ಮನ್ನ ನೋಡಿ ತಲೆ ಮೇಲೆ ಕೆಳಗೆ ಆಡಿಸ್ತು. ಓತಿಕ್ಯಾತ ತಲೆ ಆಡಿಸಿದ್ರೆ ನಮ್ಮನ್ನ ಅಣಕಿಸ್ತಿದೆ ಅಂತ, ದೂರದಿಂದಲೇ ಮನುಷ್ಯರ ರಕ್ತ ಹೀರುತ್ತೆ ಅಂತ ನಾವು ನಂಬಿದ್ವಿ. ಐದು ಜನ ಹುಡುಗರು, ಐದು ಕಲ್ಲು. ನಾಲ್ಕು ತಪ್ಪಿತು. ನನ್ನದು ತಪ್ಪಲಿಲ್ಲ.

ಆಮೇಲೆ ಆಗಿದ್ದು ನನಗೆ ಇನ್ನೂ ಚೆನ್ನಾಗಿ ನೆನಪಿದೆ. ಅದು ಮಣ್ಣಲ್ಲಿ ಬಿದ್ದಿತ್ತು. ನಾವು ನೋಡ್ತಾ ಇದ್ದ ಹಾಗೇ ಆ ಕೆಂಪು ಇಳಿದು ಹೋಯ್ತು. ಸ್ವಲ್ಪ ಹೊತ್ತಿಗೆ ಅದು ಒಣಗಿದ ಎಲೆ ಬಣ್ಣಕ್ಕೆ ಬಂತು. ಗೆಳೆಯರು ಚಪ್ಪಾಳೆ ಹೊಡೆದ್ರು. ಅಜ್ಜಿ ಹೊರಗೆ ಬಂದು ನೋಡಿ, "ಅದೇನು ಮಾಡಿತ್ತೋ ನಿನಗೆ?" ಅಂದ್ರು. ನಾನು ಕೊಟ್ಟ ಉತ್ತರ: "ಅದರಿಂದ ಏನು ಪ್ರಯೋಜನ ಇದೆ?"

ಈ ಪ್ರಶ್ನೆಯನ್ನ ಮನಸ್ಸಲ್ಲಿ ಇಟ್ಕೊಳ್ಳಿ. ಕೊನೆಗೆ ಮತ್ತೆ ಬರುತ್ತೆ.

ಮೊದಲು ನಾವು ಯಾವ ಪ್ರಾಣಿ ಬಗ್ಗೆ ಮಾತಾಡ್ತಿದ್ದೀವಿ ಅಂತ ಸ್ಪಷ್ಟ ಮಾಡ್ಕೊಳ್ಳೋಣ. ಯಾಕಂದ್ರೆ ಕನ್ನಡದಲ್ಲಿ ಓತಿಕ್ಯಾತ, ಓತಿ, ಗೋಸುಂಬೆ, ಊಸರವಳ್ಳಿ ಎಲ್ಲವನ್ನೂ ಕಲಸಿಬಿಡ್ತೀವಿ. ನಮ್ಮ ಕಡೆ ಮುಖ್ಯವಾಗಿ ಮೂರು ಜೀವಿ ಇವೆ. ಮನೆ ಹಿತ್ತಲು, ಬೇಲಿ, ತೋಟದಲ್ಲಿ ಕಾಣೋದು ಓತಿಕ್ಯಾತ. ಬೆನ್ನ ಮೇಲೆ ಗರಗಸದಂಥ ಮುಳ್ಳಿನ ಸಾಲು, ದೇಹಕ್ಕಿಂತ ಎಷ್ಟೋ ಉದ್ದದ ಬಾಲ. ಎರಡನೇದು ಬಂಡೆ ಓತಿ. ಸ್ವಲ್ಪ ಚಪ್ಪಟೆ ದೇಹ, ಬಿಸಿಲಿಗೆ ಕಾದ ಗುಂಡುಕಲ್ಲಿನ ಮೇಲೆ ಕೂತಿರುತ್ತೆ. ಮೂರನೇದು ನಿಜವಾದ ಊಸರವಳ್ಳಿ. ಸುತ್ತಿಕೊಳ್ಳೋ ಬಾಲ, ಒಂದೊಂದೂ ಬೇರೆ ಬೇರೆ ಕಡೆ ತಿರುಗೋ ಕಣ್ಣು, ತುಂಬ ನಿಧಾನದ ನಡಿಗೆ. ಮೂರೂ ಬಣ್ಣ ಬದಲಾಯಿಸ್ತವೆ. ಯಾವುದಕ್ಕೂ ವಿಷ ಇಲ್ಲ. ಯಾವುದೂ ರಕ್ತ ಹೀರಲ್ಲ. ಹುಳ, ಇರುವೆ, ಮಿಡತೆ ತಿಂದು ಬದುಕ್ತವೆ.

ಓತಿ ಅನ್ನೋ ಪದ ತುಂಬ ಹಳೇದು. ತಮಿಳಲ್ಲಿ ಓಣಾನ್, ಮಲಯಾಳದಲ್ಲಿ ಓಂತ್. ಒಂದೇ ಬೇರಿನ ಮಾತುಗಳು. ಅಂದ್ರೆ ಈ ಪ್ರಾಣಿಗೆ ಹೆಸರಿಟ್ಟಾಗ ಈ ಭಾಷೆಗಳು ಇನ್ನೂ ಬೇರೆ ಬೇರೆ ಆಗಿರಲಿಲ್ಲ. ಮೊಳಕಾಲ್ಮೂರು ಕಡೆ ತೆಲುಗು ಮನೆಗಳಲ್ಲಿ ಇದನ್ನೇ ತೊಂಡ ಅಂತಾರೆ.

ಸರಿ, ಈಗ ಮೊದಲನೇ ಕಲ್ಲಿನ ಕತೆ.

1892. ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯ ಬಿ.ಎಲ್. ರೈಸ್ ಅವರು ಈ ಸೀಮೆಯಲ್ಲಿ ಮೂರು ಕಡೆ ಬಂಡೆ ಶಾಸನ ಪತ್ತೆ ಮಾಡ್ತಾರೆ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಬೆಟ್ಟ. ಮೂರೂ ಹತ್ತಿರ ಹತ್ತಿರ. ಬ್ರಹ್ಮಗಿರಿಯ ಕಲ್ಲನ್ನ ಊರವರು ಮೊದಲಿಂದ ಅಕ್ಷರ ಗುಂಡು ಅಂತಾನೇ ಕರೀತಿದ್ರು. ಸಿದ್ದಾಪುರದ್ದಕ್ಕೆ ಎಮ್ಮೆ ಕಾಯುವವನೊಬ್ಬನ ಹೆಸರು ಅಂಟಿಕೊಂಡಿತ್ತು. ಅಕ್ಷರ ಇದೆ ಅಂತ ಜನಕ್ಕೆ ಗೊತ್ತು, ಏನು ಬರೆದಿದೆ ಅಂತ ಗೊತ್ತಿರಲಿಲ್ಲ. ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ. ಬ್ರಾಹ್ಮಿಯನ್ನ ಜೇಮ್ಸ್ ಪ್ರಿನ್ಸೆಪ್ ಪೂರ್ತಿ ಓದೋಕೆ ಶುರು ಮಾಡಿದ್ದು 1837ರಲ್ಲಿ. ಅದೇ 1837ರಲ್ಲಿ ಬೆಂಗಳೂರಲ್ಲಿ ರೈಸ್ ಹುಟ್ಟಿದ್ದು. ಕಾಕತಾಳೀಯ, ಆದ್ರೂ ಚೆನ್ನಾಗಿದೆ ಅಲ್ವಾ?

ಓದಿದಾಗ ಅದು ಅಶೋಕನ ಆಜ್ಞೆ ಅಂತ ತಿಳೀತು. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರ ಮತ್ತು ಮಹಾಮಾತ್ರರು, ಇಸಿಲ ಅನ್ನೋ ಊರಿನ ಅಧಿಕಾರಿಗಳ ಆರೋಗ್ಯ ವಿಚಾರಿಸಿ ಕಳಿಸಿದ ಸಂದೇಶ. ಅಂದ್ರೆ ಇವತ್ತು ನಾವು ಹಿಂದುಳಿದ ತಾಲ್ಲೂಕು ಅಂತ ಕರೆಯೋ ಜಾಗಕ್ಕೆ ಆಗ ಸಾಮ್ರಾಜ್ಯದ ಅಂಚೆ ಬರ್ತಿತ್ತು. ಶಾಸನ ಬರೆದವನು ಚಪಡ. ಅವನು ತಾನು ಲಿಪಿಕಾರ ಅನ್ನೋದನ್ನ ಮಾತ್ರ ಖರೋಷ್ಠಿ ಲಿಪಿಯಲ್ಲಿ ಬರೆದ. ಖರೋಷ್ಠಿ ಅಂದ್ರೆ ಗಾಂಧಾರದ ಕಡೆ, ಇವತ್ತಿನ ಪಾಕಿಸ್ತಾನದ ಪೇಶಾವರದ ಕಡೆ ಬಳಸ್ತಿದ್ದ, ಬಲದಿಂದ ಎಡಕ್ಕೆ ಬರೆಯೋ ಲಿಪಿ. ನಮ್ಮೂರ ಬಿಸಿಲಲ್ಲಿ ಬಂಡೆ ಮುಂದೆ ಕೂತ ಚಪಡ ತನಗೆ ಆ ದೂರದ ಲಿಪಿಯೂ ಬರುತ್ತೆ ಅಂತ ತೋರಿಸಿ ಹೋಗಿದ್ದಾನೆ.

ಈ ಸಂದೇಶದ ಎರಡನೇ ಭಾಗದಲ್ಲಿ ನಡತೆಯ ಮಾತು ಬರುತ್ತೆ. ತಂದೆ ತಾಯಿ ಮಾತು ಕೇಳಬೇಕು, ಸತ್ಯ ಹೇಳಬೇಕು, ಗುರುವನ್ನ ಗೌರವಿಸಬೇಕು. ಇವುಗಳ ಮಧ್ಯೆ ಇನ್ನೊಂದು: ಪ್ರಾಣಿಗಳ ವಿಷಯದಲ್ಲಿ ದೃಢವಾಗಿರಬೇಕು. ಜೀವಿಗಳ ಮೇಲಿನ ದಯೆ ಗಟ್ಟಿಯಾಗಿರಬೇಕು ಅಂತ ವಿದ್ವಾಂಸರು ಇದನ್ನ ವಿವರಿಸ್ತಾರೆ. ಇವತ್ತು ಕರ್ನಾಟಕ ಅನ್ನೋ ನೆಲದಲ್ಲಿ ನಮಗೆ ಸಿಕ್ಕಿರೋ ಅತಿ ಹಳೆಯ ಬರವಣಿಗೆಗಳಲ್ಲಿ ಈ ಮಾತಿದೆ. ಅಲ್ಲಿಂದ ಸ್ವಲ್ಪ ದೂರದ ಹಿತ್ತಲಲ್ಲಿ ನಾನು ಕಲ್ಲೆಸೆದಿದ್ದೆ. ರಜೆಯಲ್ಲಿ ಅದೇ ಬಂಡೆ ಹತ್ತಿ ಜಾರಿದ್ದೆ ಕೂಡ. ಅಲ್ಲಿ ಏನು ಬರೆದಿದೆ ಅಂತ ಯಾರೂ ಹೇಳಿಕೊಟ್ಟಿರಲಿಲ್ಲ. ಪರೀಕ್ಷೆಗೆ ಕೇಳ್ತಿದ್ದಿದ್ದು ಒಂದೇ: ಚಿತ್ರದುರ್ಗ ಜಿಲ್ಲೆಯಲ್ಲಿ ಅಶೋಕನ ಶಾಸನ ಎಲ್ಲಿ ಸಿಕ್ಕಿದೆ? ಒಂದು ಮಾರ್ಕ್ಸ್.

ಪ್ರಾಣಿ ದಯೆ ಅಂದ್ರೆ ಎಲ್ಲರೂ ಹೂಂ ಅಂತಾರೆ. ಹಸು, ಆನೆ, ನಾಯಿ, ಇವಕ್ಕೆಲ್ಲ ದಯೆ ಸುಲಭ. ಓತಿಕ್ಯಾತಕ್ಕೆ?

ಇದಕ್ಕೆ ಉತ್ತರ ಹುಡುಕ್ತಾ ನಾನು ದೆಹಲಿಗೆ ಹೋಗಬೇಕಾಯ್ತು. ಓದಿನಲ್ಲಿ ಮಾತ್ರ, ಟ್ರೈನ್‌ನಲ್ಲಿ ಅಲ್ಲ. ಅಲ್ಲಿ ಕ್ರಿಕೆಟ್ ಸ್ಟೇಡಿಯಂ ಪಕ್ಕ ಫಿರೋಜ್ ಷಾ ಕೋಟ್ಲಾ ಅಂತ ಹಳೇ ಕೋಟೆ ಇದೆ. 14ನೇ ಶತಮಾನದಲ್ಲಿ ಸುಲ್ತಾನ ಫಿರೋಜ್ ಷಾ ತುಘಲಕ್, ಟೋಪ್ರಾ ಅನ್ನೋ ಊರಿಂದ ಅಶೋಕನ ಕಂಬ ತರಿಸಿ ಅಲ್ಲಿ ನಿಲ್ಲಿಸಿದ. ಅದರ ಮೇಲಿನ ಐದನೇ ಸ್ತಂಭ ಶಾಸನ, ಅಶೋಕ ಪಟ್ಟಕ್ಕೆ ಬಂದು 26 ವರ್ಷ ಆದಾಗಿನದು. ಸಿದ್ದಾಪುರದ ಬಂಡೆಗಿಂತ ಆಮೇಲಿನದು. ಅದರಲ್ಲಿ ಕೊಲ್ಲಬಾರದ ಪ್ರಾಣಿಗಳ ಪಟ್ಟಿ ಇದೆ. ಗಿಳಿ, ಮೈನಾ, ಬಾವಲಿ, ಆಮೆ, ಮುಳ್ಳುಹಂದಿ, ಪಾರಿವಾಳ, ಹೀಗೆ. ಕೆಲವು ಹೆಸರು ಯಾವ ಪ್ರಾಣಿಯದು ಅಂತ ಇವತ್ತಿಗೂ ಚರ್ಚೆ ಇದೆ.

ಓತಿಕ್ಯಾತದ ಹೆಸರು ಆ ಪಟ್ಟಿಯಲ್ಲಿಲ್ಲ. ಆದ್ರೆ ಪಟ್ಟಿಯ ಕೊನೆಗೆ ಒಂದು ಮಾತು ಬರುತ್ತೆ, ಅದನ್ನ ಓದಿದಾಗ ನಾನು ಫೋನ್ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಉಪಯೋಗಕ್ಕೆ ಬಾರದ, ತಿನ್ನೋಕೂ ಬಳಸದ ಎಲ್ಲ ನಾಲ್ಕು ಕಾಲಿನ ಪ್ರಾಣಿಗಳನ್ನೂ ಕೊಲ್ಲಬಾರದು ಅನ್ನೋದು ಅದರ ಅರ್ಥ.

ನೋಡಿ, ನಾನು ಬಿ.ಕಾಂ ಓದಿದವನು. ನಮಗೆ ಕಲಿಸಿದ್ದು ಬ್ಯಾಲೆನ್ಸ್ ಶೀಟ್. ಆಸ್ತಿ ಅಂದ್ರೆ ಮುಂದೆ ಪ್ರಯೋಜನ ಕೊಡೋದು. ಪ್ರಯೋಜನ ಕೊಡದೇ ಇರೋದನ್ನ ಪುಸ್ತಕದಿಂದ ತೆಗೆದುಹಾಕ್ತೀವಿ. ರೈಟ್ ಆಫ್. ಹತ್ತು ವರ್ಷದವನಾಗಿ ನಾನು ಅಜ್ಜಿಗೆ ಕೊಟ್ಟ ಉತ್ತರವೂ ಅದೇ ಲೆಕ್ಕ: ಪ್ರಯೋಜನ ಇಲ್ಲ, ಹಾಗಾಗಿ ಕೊಲ್ಲಬಹುದು. ಅಶೋಕನ ಅಧಿಕಾರಿಗಳು ಅದನ್ನೇ ಉಲ್ಟಾ ಬರೆದಿದ್ರು. ಪ್ರಯೋಜನ ಇಲ್ಲ, ಹಾಗಾಗಿ ಕೊಲ್ಲೋಕೆ ಕಾರಣವೂ ಇಲ್ಲ.

ಅಶೋಕನನ್ನ ದೇವರು ಮಾಡೋದು ಬೇಡ. ಅವನ ಅಡುಗೆಮನೆಗೆ ದಿನಾ ಎರಡು ನವಿಲು, ಯಾವಾಗಲೂ ಅಲ್ಲದಿದ್ರೂ ಒಂದು ಜಿಂಕೆ ಕೊಲ್ತಿದ್ರು ಅಂತ ಅವನ ಮೊದಲ ಶಿಲಾ ಶಾಸನವೇ ಹೇಳುತ್ತೆ. ಮುಂದೆ ಅದನ್ನೂ ನಿಲ್ಲಿಸ್ತೀವಿ ಅಂತ ಅದೇ ಶಾಸನ ಸೇರಿಸುತ್ತೆ. ಆಂಧ್ರದ ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲೂ ಆ ಶಾಸನದ ಪ್ರತಿ ಇದೆ. ಅದು ನಿಜಕ್ಕೂ ಎಷ್ಟು ಜಾರಿಯಾಯ್ತೋ, ಬಿಡಿ. ಆದ್ರೆ ಒಂದು ಸರ್ಕಾರ ಕೂತು, ಯಾರಿಗೂ ಬೇಡದ ಪ್ರಾಣಿಗಳಿಗೆ ಒಂದು ಸಾಲು ಮೀಸಲಿಟ್ಟಿತ್ತು ಅನ್ನೋದು ಕಲ್ಲಿನ ಮೇಲಿದೆ.

ಆಮೇಲಿನ ಕಾಲದಲ್ಲಿ ಓತಿಕ್ಯಾತಕ್ಕೆ ಏನಾಯ್ತು? ಪುರಾಣಕ್ಕೆ ಹೋಯ್ತು. ನೃಗ ಮಹಾರಾಜನ ಕತೆ ಕೇಳಿರಬಹುದು. ಮಹಾಭಾರತದಲ್ಲೂ ಭಾಗವತದಲ್ಲೂ ಬರುತ್ತೆ. ಲೆಕ್ಕವಿಲ್ಲದಷ್ಟು ಗೋದಾನ ಮಾಡಿದ ರಾಜ. ಒಂದು ಸಲ, ಒಬ್ಬರಿಗೆ ಕೊಟ್ಟ ಹಸು ತಪ್ಪಿಸ್ಕೊಂಡು ರಾಜನ ಮಂದೆಗೆ ವಾಪಸ್ ಬಂತು. ಗೊತ್ತಾಗದೆ ಅದನ್ನೇ ಇನ್ನೊಬ್ಬರಿಗೆ ದಾನ ಕೊಟ್ಟ. ಒಂದೇ ಹಸು, ಎರಡು ಎಂಟ್ರಿ. ಆ ತಪ್ಪಿಗೆ ದೊಡ್ಡ ಓತಿಕ್ಯಾತವಾಗಿ ಪಾಳು ಬಾವಿಗೆ ಬಿದ್ದ. ಸಂಸ್ಕೃತದಲ್ಲಿ ಕೃಕಲಾಸ ಅಂತಾರೆ. ಕೊನೆಗೆ ಕೃಷ್ಣ ಎತ್ತಿ ಬಿಡುಗಡೆ ಮಾಡ್ತಾನೆ. ಈ ಕತೆಯಲ್ಲಿ ನನಗೆ ಹಿಡಿಸೋದು ಕೃಷ್ಣನಿಗಿಂತ ಮೊದಲು ಬರೋ ಹುಡುಗರು. ಆಟ ಆಡ್ತಾ ಬಾವಿಗೆ ಇಣುಕಿದ ಯಾದವ ಹುಡುಗರು ಓತಿಕ್ಯಾತ ನೋಡಿ ಕಲ್ಲು ಎತ್ತಲಿಲ್ಲ. ಹಗ್ಗ ತಂದು ಮೇಲೆತ್ತೋಕೆ ನೋಡಿದ್ರು. ಆಗದೆ ಹೋದಾಗ ಕೃಷ್ಣನನ್ನ ಕರೆದ್ರು.

ಗಾದೆಗೂ ಹೋಯ್ತು. ಓತಿಕ್ಯಾತಕ್ಕೆ ಬೇಲಿಗೂಟ ಸಾಕ್ಷಿ. ಕಳ್ಳನಿಗೆ ಅವನ ಜೊತೆಗಾರನೇ ಸಾಕ್ಷಿ ಅನ್ನೋ ಅರ್ಥ. ರಾಜಕೀಯದ ಭಾಷಣಗಳಿಗಂತೂ ಕೇಳಲೇಬೇಡಿ. ಪಕ್ಷ ಬದಲಾಯಿಸಿದವರೆಲ್ಲ ಊಸರವಳ್ಳಿ, ಗೋಸುಂಬೆ. ಬಣ್ಣ ಬದಲಾಯಿಸೋದು ಅಂದ್ರೆ ಮೋಸ ಅಂತ ನಮ್ಮ ಭಾಷೆಯಲ್ಲಿ ಕೂತುಬಿಟ್ಟಿದೆ.

ಈ ತಪ್ಪು ನಮ್ಮದೊಂದೇ ಅಲ್ಲ. ರೋಮ್‌ನ ಪ್ಲಿನಿ ಸುಮಾರು 2,000 ವರ್ಷದ ಹಿಂದೆ ಬರೆದ, ಊಸರವಳ್ಳಿ ಗಾಳಿ ಕುಡಿದು ಬದುಕುತ್ತೆ, ಕೆಂಪು ಬಿಳಿ ಬಿಟ್ಟು ಹತ್ತಿರ ಇರೋ ಯಾವ ಬಣ್ಣಕ್ಕೂ ತಿರುಗುತ್ತೆ ಅಂತ. ಬ್ರಿಟಿಷರು ನಮ್ಮ ತೋಟದ ಓತಿಕ್ಯಾತಕ್ಕೆ ಬ್ಲಡ್‌ಸಕ್ಕರ್ ಅಂತಲೇ ಹೆಸರಿಟ್ರು, ಆ ಕೆಂಪು ಕುತ್ತಿಗೆ ನೋಡಿ. 1886ರಲ್ಲಿ ಬಂದ ಹಾಬ್ಸನ್-ಜಾಬ್ಸನ್ ನಿಘಂಟು ಇದು ನಿರುಪದ್ರವಿ ಅಂತ ಸ್ಪಷ್ಟವಾಗಿ ಬರೆಯಿತು. ಹೆಸರು ಮಾತ್ರ ಹೋಗಲಿಲ್ಲ.

ವಿಜ್ಞಾನದ ಹೆಸರು ಸ್ವಲ್ಪ ಮರ್ಯಾದೆಯದು. ಕ್ಯಾಲೋಟಿಸ್ ವರ್ಸಿಕಲರ್. ವರ್ಸಿಕಲರ್ ಅಂದ್ರೆ ಬಣ್ಣ ಬದಲಾಗುವ, ಹಲವು ಬಣ್ಣದ. 1802ರಲ್ಲಿ ಈ ಹೆಸರು ಕೊಟ್ಟವನು ಫ್ರಾನ್ಸ್‌ನ ಫ್ರಾಂಸ್ವಾ ಮರೀ ದೊದಾಂ. ಚಿಕ್ಕಂದಿನ ಕಾಯಿಲೆಯಿಂದ ಅವನ ಕಾಲಿಗೆ ಶಕ್ತಿ ಇರಲಿಲ್ಲ. ಪ್ಯಾರಿಸ್‌ನಲ್ಲಿ ಕೂತು ಪ್ರಪಂಚದ ಸರೀಸೃಪಗಳ ಬಗ್ಗೆ ಸಂಪುಟಗಟ್ಟಲೆ ಬರೆದ. ಹೆಂಡತಿ ಆದೆಲ್ ಚಿತ್ರ ಬರೆದುಕೊಟ್ಟಳು. 1803ರಲ್ಲಿ ತೀರಿಕೊಂಡಾಗ ಅವನಿಗೆ 27. ಹೆಚ್ಚುಕಮ್ಮಿ ನನ್ನ ವಯಸ್ಸು. ಪಾಕಿಸ್ತಾನದಿಂದ ಇಂಡೋನೇಷ್ಯಾದವರೆಗೆ ಇರೋದೆಲ್ಲ ಇದೊಂದೇ ಜಾತಿ ಅಂತ ಬಹಳ ಕಾಲ ಅಂದುಕೊಂಡಿದ್ರು. 2021ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರೂ ಇದ್ದ ತಂಡ ಡಿಎನ್‌ಎ ನೋಡಿ, ಇದು ಹಲವು ಜಾತಿಗಳ ಗುಂಪು ಅಂತ ತೋರಿಸ್ತು. ದೊದಾಂ ಕೊಟ್ಟ ಹೆಸರು ಮುಖ್ಯವಾಗಿ ದಕ್ಷಿಣ ಭಾರತದ್ದಕ್ಕೆ ಉಳೀತು. ಬೇಲಿ ಮೇಲೆ ಕೂತಿರೋದರ ಗುರುತು ಸರಿಯಾಗಿ ಸಿಗೋಕೆ 219 ವರ್ಷ.

ಹಾಗಾದ್ರೆ ಅದು ಬಣ್ಣ ಯಾಕೆ ಬದಲಾಯಿಸುತ್ತೆ? ಬಚ್ಚಿಟ್ಟುಕೊಳ್ಳೋಕೆ ಅಂತ ಶಾಲೆಯಲ್ಲಿ ಓದಿದ್ವಿ. ಮಾಮೂಲಿ ಕಂದು ಬಣ್ಣ ಬೇಲಿಯಲ್ಲಿ ಮರೆಯಾಗೋಕೆ ಸಹಾಯ ಮಾಡುತ್ತೆ, ನಿಜ. ಆದ್ರೆ ಯೋಚನೆ ಮಾಡಿ, ಹಸಿರು ಕಳ್ಳಿ ಮೇಲೆ ಕೂತು ಕುಂಕುಮ ಕೆಂಪಾದ್ರೆ ಯಾರಿಂದ ಬಚ್ಚಿಟ್ಟುಕೊಂಡ ಹಾಗಾಯ್ತು? ಅದು ಬಚ್ಚಿಡೋದಲ್ಲ, ಕೂಗಿ ಹೇಳೋದು. ಬೇಸಿಗೆ ಕೊನೆ, ಮಳೆಗಾಲದ ಹೊತ್ತಿಗೆ ಗಂಡು ಓತಿಕ್ಯಾತ ತನ್ನ ಜಾಗ ಇದು ಅಂತ ಇನ್ನೊಂದು ಗಂಡಿಗೂ, ನಾನಿಲ್ಲಿದ್ದೀನಿ ಅಂತ ಹೆಣ್ಣಿಗೂ ತೋರಿಸೋ ಬಣ್ಣ ಅದು. ತಲೆ ಆಡಿಸೋದೂ ದಂಡ ಹೊಡೆಯೋದೂ ಅದೇ ಮಾತಿನ ಭಾಗ. ಸೋತಾಗ, ಹೆದರಿದಾಗ ಬಣ್ಣ ಇಳಿಯುತ್ತೆ.

ಬಂಡೆ ಓತಿಯ ಬಗ್ಗೆ ಭಾರತೀಯ ವಿಜ್ಞಾನ ಸಂಸ್ಥೆಯ ಮರಿಯಾ ಠಾಕರ್ ಮತ್ತು ಅನುರಾಧಾ ಬಟಬ್ಯಾಲ್ 2017ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನ ಇನ್ನೂ ಬಿಡಿಸಿ ಹೇಳುತ್ತೆ. ಗಂಡಿನ ಮೈಯಲ್ಲಿ ಬೆನ್ನಿನ ಪಟ್ಟೆಗೆ ಒಂದು ಬಣ್ಣ, ಪಕ್ಕಗಳಿಗೆ ಇನ್ನೊಂದು. ಹೆಣ್ಣಿನ ಮುಂದೆ ಬೆನ್ನು ಕೆಂಪು, ಪಕ್ಕ ಕಪ್ಪು. ಎದುರಾಳಿ ಗಂಡಿನ ಮುಂದೆ ಬೆನ್ನು ಹಳದಿ, ಪಕ್ಕ ಕಿತ್ತಳೆ. ಯಾರ ಹತ್ರ ಮಾತಾಡ್ತಿದ್ದೀನಿ ಅನ್ನೋದರ ಮೇಲೆ ಬಣ್ಣ. ಇದು ಮೋಸ ಆದ್ರೆ, ಅಮ್ಮನ ಹತ್ರ ಒಂದು ದನಿ, ಬಾಸ್ ಹತ್ರ ಒಂದು ದನಿಯಲ್ಲಿ ಮಾತಾಡೋ ನಾವೆಲ್ಲ ಮೋಸಗಾರರೇ.

ಒಳಗೆ ನಡೆಯೋದೇನು? ಚರ್ಮದಲ್ಲಿ ವರ್ಣಕೋಶಗಳ ಪದರ ಇರುತ್ತೆ. ಕಪ್ಪು ಕಣಗಳು ಕೋಶದ ತುಂಬ ಹರಡಿದ್ರೆ ಮೈ ಕಪ್ಪಾಗುತ್ತೆ, ಮಧ್ಯಕ್ಕೆ ಸೇರಿದ್ರೆ ಬೇರೆ ಬಣ್ಣ ಮೇಲೆ ಬರುತ್ತೆ. ಊಸರವಳ್ಳಿಯಲ್ಲಿ ಇನ್ನೊಂದು ತಂತ್ರ ಇದೆ ಅಂತ 2015ರಲ್ಲಿ ಜಿನೀವಾ ವಿಜ್ಞಾನಿಗಳು ತೋರಿಸಿದ್ರು. ಅದರ ಚರ್ಮದಲ್ಲಿ ತುಂಬ ಸಣ್ಣ ಹರಳುಗಳಿವೆ. ಅವುಗಳ ನಡುವಿನ ಅಂತರ ಬದಲಾದ್ರೆ ವಾಪಸ್ ಬರೋ ಬೆಳಕಿನ ಬಣ್ಣ ಬದಲಾಗುತ್ತೆ. ಮೊಳಕಾಲ್ಮೂರಿನವರಿಗೆ ಪದರದ ಲೆಕ್ಕ ಹೊಸದಲ್ಲ. ನಮ್ಮಜ್ಜನ ಮಗ್ಗದಲ್ಲಿ ಹಾಸು ಒಂದು ಬಣ್ಣ, ಹೊಕ್ಕು ಇನ್ನೊಂದು ಬಣ್ಣ ಇಟ್ಟ ರೇಷ್ಮೆ ಸೀರೆ ನೋಡಿದ್ದೀನಿ. ಬೆಳಕಿಗೆ ಹಿಡಿದು ತಿರುಗಿಸಿದ ಹಾಗೆ ಬಣ್ಣ ಬದಲಾಗುತ್ತೆ. ಆ ಸೀರೆಯನ್ನ ಯಾರೂ ಮೋಸ ಅನ್ನಲ್ಲ, ದುಡ್ಡು ಜಾಸ್ತಿ ಕೇಳ್ತಾರೆ.

ಕನ್ನಡದಲ್ಲಿ ಓತಿಯನ್ನ ಗೌರವದಿಂದ ನೋಡಿದವರು ಇಲ್ಲ ಅಂತಲ್ಲ. ಪೂರ್ಣಚಂದ್ರ ತೇಜಸ್ವಿಯವರ ಕರ್ವಾಲೊ, 1980ರ ಕಾದಂಬರಿ, ಒಂದು ಹಾರುವ ಓತಿಯ ಹುಡುಕಾಟವೇ. ನಾನದನ್ನ ಡಿಗ್ರಿಯಲ್ಲಿ ಓದಿದೆ. ಅದು ಕಾಡಿನ, ಮಲೆನಾಡಿನ ಅಪರೂಪದ ಓತಿ. ನಮ್ಮ ಬೇಲಿಯದ್ದು ಅಪರೂಪ ಅಲ್ಲ. ಬಹುಶಃ ಅದಕ್ಕೇ ಅದನ್ನ ಯಾರೂ ಹುಡುಕಲ್ಲ.

ಈ ಏಪ್ರಿಲ್‌ನಲ್ಲಿ ರೆಕಾರ್ಡರ್ ತಗೊಂಡು ಸಿದ್ದಾಪುರಕ್ಕೆ ಹೋಗಿದ್ದೆ. ಅಜ್ಜಿ ಈಗಿಲ್ಲ. ಜೊತೆಗೆ ಅಕ್ಕನ ಮಗ ಬಂದ, ಒಂಬತ್ತು ವರ್ಷ. ಶಾಸನದ ಬಂಡೆ ಈಗ ಸಂರಕ್ಷಿತ ಸ್ಮಾರಕ. ಸುತ್ತಮುತ್ತ ಮಾತ್ರ ಅವೇ ಗುಂಡುಗಳು, ಅದೇ ಬಿಸಿಲು. ಅಕ್ಷರ ಸವೆದಿದೆ, ಗೊತ್ತಿದ್ದವರು ಬೆರಳಿಟ್ಟು ತೋರಿಸಿದ್ರೆ ಮಾತ್ರ ಕಾಣುತ್ತೆ. ಹತ್ತಿರದ ಒಂದು ಗುಂಡಿನ ಮೇಲೆ ಬಂಡೆ ಓತಿ ಕೂತಿತ್ತು. ಬೆನ್ನು ಕೆಂಪಗೆ, ಪಕ್ಕ ಕಪ್ಪಗೆ.

ಹುಡುಗ ಬಗ್ಗಿ ಒಂದು ಕಲ್ಲು ತಗೊಂಡ. ಯಾರೂ ಹೇಳಿಕೊಟ್ಟಿದ್ದಲ್ಲ, ಕೈ ತಾನಾಗೇ ಹೋಯ್ತು, ನನ್ನದು ಹೋದ ಹಾಗೆ. ನನಗೆ ಬೈಯೋಕೆ ಬಾಯಿ ಬರಲಿಲ್ಲ. "ಎಸೀಬೇಡ, ಮೊದಲು ಅದು ಎಷ್ಟು ದಂಡ ಹೊಡೆಯುತ್ತೆ ಎಣಿಸು" ಅಂದೆ. ಎಣಿಸಿದ. ಹನ್ನೊಂದಕ್ಕೆ ನಿಲ್ಲಿಸ್ತು. ಸ್ವಲ್ಪ ಹೊತ್ತಿಗೆ ಮತ್ತೆ ಶುರು ಮಾಡಿತು. ಅವನು ಕಲ್ಲು ಹಿಡ್ಕೊಂಡೇ ಮತ್ತೆ ಎಣಿಸಿದ. ಆಮೇಲೆ ಕೇಳಿದ, "ಮಾಮ, ಇದರಿಂದ ಏನು ಯೂಸು?"

ಹುಳ ತಿನ್ನುತ್ತೆ, ಬೆಳೆಗೆ ಒಳ್ಳೇದು ಅಂತ ಹೇಳಬಹುದಿತ್ತು. ಸುಳ್ಳೂ ಅಲ್ಲ. ಆದ್ರೆ ಅದು ಮತ್ತೆ ಅದೇ ಬ್ಯಾಲೆನ್ಸ್ ಶೀಟ್. ನಾಳೆ ಹುಳ ತಿನ್ನದ ಪ್ರಾಣಿ ಬಂದ್ರೆ ಏನು ಹೇಳಲಿ?

"ನಮಗೇನೂ ಯೂಸ್ ಇಲ್ಲ ಕಣೋ. ಅದಕ್ಕೇ ಬಿಟ್ಟುಬಿಡು. ಈ ಬಂಡೆ ಮೇಲೂ ಸುಮಾರು ಹಾಗೇ ಬರೆದಿದೆ" ಅಂದೆ.

ಅವನಿಗೆ ಪೂರ್ತಿ ಒಪ್ಪಿಗೆ ಆಗಲಿಲ್ಲ. ಕಲ್ಲನ್ನ ಬಿಸಾಡಲೂ ಇಲ್ಲ, ಎಸೆಯಲೂ ಇಲ್ಲ. ಜೇಬಿಗೆ ಹಾಕ್ಕೊಂಡ. ವಾಪಸ್ ಬರುವಾಗ ದಾರಿಯುದ್ದಕ್ಕೂ ಬೇಲಿ ನೋಡ್ತಾ ಬಂದ, ಇನ್ನೊಂದು ಸಿಗುತ್ತಾ ಎಣಿಸೋಕೆ ಅಂತ.

ಇವತ್ತಿಗೆ ಇಷ್ಟೇ. ನಿಮ್ಮ ಮನೆ ಹಿತ್ತಲಲ್ಲಿ, ಪಾರ್ಕ್‌ನಲ್ಲಿ, ಅಪಾರ್ಟ್‌ಮೆಂಟ್ ಕಾಂಪೌಂಡ್ ಮೇಲೆ ಓತಿಕ್ಯಾತ ಕಂಡ್ರೆ ಐದು ನಿಮಿಷ ದೂರದಿಂದ ನೋಡಿ. ಯಾವ ಬಣ್ಣ ಇತ್ತು, ಎದುರಿಗೆ ಯಾರಿದ್ರು, ತಲೆ ಎಷ್ಟು ಸಲ ಆಡಿಸ್ತು ಅಂತ ಒಂದು ವಾಯ್ಸ್ ನೋಟ್ ಕಳಿಸಿ. ನಿಮ್ಮೂರಲ್ಲಿ ಅದಕ್ಕೆ ಏನಂತಾರೆ ಅಂತಾನೂ ಹೇಳಿ. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.